ಏರಿ ಮೇಲಿನ ಮೂರು ಕುರಿಮರಿ

"ತರೀಕೆರೆ ಏರಿ ಮೇಲಿನ ಆ ಮೂರು ಕರಿ ಕುರಿಮರಿಗಳನ್ನ ನೀನು ನೋಡಿದೀಯಾ ಅಜ್ಜಿ?"

ಮೊಮ್ಮಗ ಹೀಗೆ ಕೇಳಿದಾಗ ನಾನು ಹಿತ್ತಲ ಜಗಲಿಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದೆ. "ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು" ಎಂದು ನಾಲಗೆ ತೊಡರಿಸುವ ಆ ಮಾತನ್ನು ಅವನು ಬೆಂಗಳೂರಿನಿಂದ ಬರುವಾಗ ರೈಲಿನಲ್ಲೇ ಅಕ್ಕನಿಂದ ಕಲಿತಿದ್ದ. ತಿಪಟೂರಿನಲ್ಲಿ ಶುರುಮಾಡಿದವನು ಅರಸೀಕೆರೆ ದಾಟುವಷ್ಟರಲ್ಲಿ ತಡವರಿಸದೆ ಹೇಳುತ್ತಿದ್ದನಂತೆ. ಕಡೂರಿನಲ್ಲಿ ಇಳಿದ ಮೇಲೆ ಅವನಿಗೆ ಅನುಮಾನ ಶುರುವಾಗಿದೆ. ಊರು ನಿಜವಾದರೆ, ಏರಿ ನಿಜವಾದರೆ, ಕುರಿಮರಿಗಳೂ ಇರಲೇಬೇಕಲ್ಲ.

ಕನ್ನಡದ ಮಗು ಎಲ್ಲೇ ಬೆಳೆಯಲಿ, ತರೀಕೆರೆಯ ಹೆಸರು ಮೊದಲು ಅದರ ಕಿವಿಗೆ ಬೀಳುವುದು ಈ ಕುರಿಮರಿಗಳ ನೆಪದಲ್ಲೇ. ನಾನಾದರೋ ಆ ಊರಿನ ಕಡೆಗೇ ಮದುವೆಯಾಗಿ ಹೋದವಳು. ಅಡಿಕೆ ತೋಟದ ಮನೆ. ಈಗ ಕಡೂರಿನಲ್ಲಿದ್ದರೂ ಆ ಏರಿ ಮೇಲೆ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಎಮ್ಮೆಗಳನ್ನು ಕಂಡಿದ್ದೇನೆ, ಬೆಳ್ಳಕ್ಕಿ ಸಾಲನ್ನು ಕಂಡಿದ್ದೇನೆ, ದೊಡ್ಡ ದೊಡ್ಡ ಕುರಿಮಂದೆಗಳಿಗೆ ದಾರಿ ಬಿಟ್ಟು ನಿಂತಿದ್ದೇನೆ. ಆದರೆ ಮೂರೇ ಮೂರು, ಮೂರೂ ಕರಿಯವು, ಮೂರೂ ಮರಿಗಳು ಎಂದರೆ, ಇಲ್ಲ, ಹಾಗೆ ಯಾವತ್ತೂ ಕಂಡಿಲ್ಲ.

"ಇಲ್ಲ ಕಣೋ" ಅಂದೆ. ಅವನ ಮುಖ ಬಾಡಿತು. "ನಾವೇ ಮಾಡಿ ಬಿಟ್ಟು ಬರೋಣ" ಅಂದೆ. ಆ ಮಾತು ಹೇಳಿದಾಗ ಹೇಗೆ ಮಾಡುವುದು ಎನ್ನುವುದು ನನಗೂ ಹೊಳೆದಿರಲಿಲ್ಲ.

ಮೊಮ್ಮಗಳ ಚೀಲದಲ್ಲಿ ಶಾಲೆಯವರು ಕೊಟ್ಟ ರಜೆ ಕೆಲಸದ ಹಾಳೆಯೊಂದಿತ್ತು. ವಸಂತ ಋತುವಿಗೆ ಸಂಬಂಧಪಟ್ಟ ಮೂರು ಕೈಕೆಲಸ ಮಾಡಿ ತರಬೇಕು. ಮಾದರಿಗೆಂದು ಮೂರು ಚಿತ್ರ: ಒಂದು ಬಿಳಿ ಮೊಲ, ಬಣ್ಣ ಬಳಿದ ಮೊಟ್ಟೆ, ಟ್ಯುಲಿಪ್ ಹೂವು. ಥರ್ಮಾಕೋಲ್, ಫೋಮ್ ಹಾಳೆ, ಗ್ಲಿಟರ್, ಗ್ಲೂ ಗನ್ ಎಂದು ಸಾಮಾನಿನ ಪಟ್ಟಿ ಬೇರೆ. ಮಗಳು ಅದೆಲ್ಲವನ್ನೂ ಒಂದು ಡಬ್ಬಿಯಲ್ಲಿ ತುಂಬಿ ಕಳಿಸಿದ್ದಳು. ಆ ಮೊಲದ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳುಗಟ್ಟಲೆ ಹಿಮದಡಿ ಮಲಗಿದ್ದ ನೆಲದಲ್ಲಿ ಮೊದಲ ಹೂವು ತಲೆಯೆತ್ತಿದಾಗ ಅಂಥ ಚಳಿದೇಶದ ಮಕ್ಕಳಿಗೆ ಎಷ್ಟು ಸಂತೋಷವಾಗುತ್ತದೋ! ಅವರು ಅದನ್ನೇ ಬರೆಯಬೇಕು, ಅದನ್ನೇ ಕತ್ತರಿಸಿ ಅಂಟಿಸಬೇಕು. ಆದರೆ ಈ ಹುಡುಗಿ ಕಡೂರಿನ ಹಿತ್ತಲಲ್ಲಿ, ಹೊಂಗೆ ಮರದ ಬುಡದಲ್ಲಿ ಕೂತು, ಇಲ್ಲಿಲ್ಲದ ಹೂವನ್ನು ಥರ್ಮಾಕೋಲಿನಲ್ಲಿ ಕೊರೆಯುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ.

ನಮ್ಮ ಬಯಲುಸೀಮೆಯ ವಸಂತ ಬೇರೆಯದೇ. ಇಲ್ಲಿ ಎಲೆ ಉದುರುವುದೂ ಚಿಗುರುವುದೂ ಒಂದೇ ಉಸಿರಿಗೆ. ಹೊಂಗೆ ಬೋಳಾಯಿತಲ್ಲ ಅಂದುಕೊಂಡು ಎರಡು ವಾರ ಬಿಟ್ಟು ನೋಡಿದರೆ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಹೊಳೆಯುವ ಎಲೆ. ಮುತ್ತುಗ ತನ್ನ ಎಲೆಯನ್ನೆಲ್ಲ ಕಳಚಿಟ್ಟು ಬರೀ ಹೂವಾಗಿ ನಿಲ್ಲುತ್ತದೆ. ಬೂರುಗದ ಕಾಯಿ ಬಿಸಿಲಿಗೆ ಬಿರಿದು ಅರಳೆ ಹಾರುತ್ತದೆ. ಬಿಸಿಗಾಳಿಗೆ ತೆಂಗಿನ ಹರಳು ಟಪಟಪ ಉದುರುತ್ತವೆ. ಮಾವಿನ ಹೀಚು, ಬೇವಿನ ಹೂವು, ಹುಣಸೆಯ ಕಾಯಿ, ಹೀಗೆ ನಮ್ಮ ವಸಂತ ಮರದ ಮೇಲೆ ಎಷ್ಟಿರುತ್ತದೋ ನೆಲದ ಮೇಲೂ ಅಷ್ಟೇ ಇರುತ್ತದೆ. ಮಕ್ಕಳು ಬಗ್ಗಿದರೆ ಕೈಗೆ ಸಿಗುತ್ತದೆ. ಇಂಥ ಋತುವನ್ನು ಡಬ್ಬಿಯಲ್ಲಿ ತುಂಬಿ ಕಳಿಸುವ ಅಗತ್ಯವೇ ಇಲ್ಲ. ಮಗಳ ಡಬ್ಬಿಯನ್ನು ಅಟ್ಟದ ಮೇಲಿಟ್ಟು, ಇಬ್ಬರ ಕೈಗೂ ಒಂದೊಂದು ಪುಟ್ಟಿ ಕೊಟ್ಟು, "ಹೋಗಿ, ಬಿದ್ದಿರೋದೆಲ್ಲ ಆರಿಸಿ ತನ್ನಿ" ಅಂದೆ.

ಶುರುಮಾಡಿದ್ದು ತೆಂಗಿನ ಗರಿಯಿಂದ. ಕಡೂರಿನಲ್ಲಿ ತೆಂಗಿನ ಗರಿಗೆ ಬರವಿಲ್ಲ. ನಮ್ಮ ಓಣಿಯಲ್ಲಿ ಕಡ್ಡಿಪೊರಕೆ ಕಟ್ಟುವ ಹೆಂಗಸೊಬ್ಬಳಿದ್ದಾಳೆ. ಗರಿಯ ಎಲೆಯನ್ನು ಮಂಡಿಗೆ ಆನಿಸಿ, ಸರ್‍ರನೆ ಒಂದು ಸಲ ಕತ್ತಿ ಎಳೆದಳೆಂದರೆ ಕಡ್ಡಿ ಈ ಕಡೆ, ಎಲೆಯ ಎರಡು ಸೀಳು ಆ ಕಡೆ. ಕಡ್ಡಿ ಪೊರಕೆಗೆ, ಸೀಳು ಒಲೆಗೆ. ಒಲೆಗೆ ಹೋಗುವ ಆ ಸೀಳನ್ನು ಮಕ್ಕಳು ಕೇಳಿ ತಂದರು. ಮೊದಲ ದಿನ ಪೀಪಿ. ಎಳೆಯ ಸೀಳನ್ನು ಓರೆಯಾಗಿ ಸುತ್ತುತ್ತಾ ಹೋಗಬೇಕು, ಒಂದು ತುದಿ ಸಣ್ಣದು, ಇನ್ನೊಂದು ಅಗಲ. ಬಿಚ್ಚಿಹೋಗದ ಹಾಗೆ ಕಡ್ಡಿಯ ಚೂರು ಚುಚ್ಚಬೇಕು. ಸಣ್ಣ ತುದಿಯನ್ನು ಹಲ್ಲಿನಲ್ಲಿ ಮೆಲ್ಲಗೆ ಕಚ್ಚಿ ಚಪ್ಪಟೆ ಮಾಡಬೇಕು. ಚಪ್ಪಟೆಯಾದ ಎರಡು ತುಟಿಗಳು ಒಂದಕ್ಕೊಂದು ಬಡಿದು ನಡುಗಿದಾಗಲೇ ದನಿ ಹೊರಡುವುದು. ನಾಗಸ್ವರಕ್ಕೂ ಶಹನಾಯಿಗೂ ಇರುವುದು ಇದೇ ಗುಟ್ಟು. ದೊಡ್ಡವಳಿಗೆ ಮೂರನೆಯ ಸಲಕ್ಕೆ ದನಿ ಬಂತು. ಚಿಕ್ಕವನಿಗೆ ಸಂಜೆಯವರೆಗೂ ಬರೀ ಗಾಳಿ. ದೀಪ ಹಚ್ಚುವ ಹೊತ್ತಿಗೆ ಅವನ ಪೀಪಿ ಒಮ್ಮೆ "ಪೇಂ" ಎಂದಿತು ನೋಡಿ, ಅವತ್ತು ಊಟಕ್ಕೆ ಕೂತಾಗಲೂ ಅದು ಎಡಗೈಯಲ್ಲೇ ಇತ್ತು.

ಮಾರನೆಯ ದಿನ ಗಿರಗಿಟ್ಲೆ. ಎರಡು ಸೀಳುಗಳನ್ನು ಒಂದರೊಳಗೊಂದು ಮಡಿಸಿ ಚೌಕದ ಗಂಟು ಹಾಕಿ, ನಾಲ್ಕು ಕಡೆಗೂ ನಾಲ್ಕು ರೆಕ್ಕೆ ಬಿಟ್ಟು, ನಡುವೆ ಕಡ್ಡಿ ತೂರಿಸಿ ಗಾಳಿಗೆ ಎದುರಾಗಿ ಓಡುವುದು. ಈ ಚೌಕದ ಗಂಟು ಕೈಗೆ ಕೂತರೆ ಗಿಳಿಯೂ ಬಂದ ಹಾಗೆಯೇ. ಅದೇ ಗಂಟು ಗಿಳಿಯ ಹೊಟ್ಟೆ, ಒಂದು ರೆಕ್ಕೆಯನ್ನು ಉಗುರಿನಿಂದ ಸೀಳಿದರೆ ಬಾಲ, ಇನ್ನೊಂದನ್ನು ಮಡಿಸಿದರೆ ತಲೆ. ಕೊಕ್ಕಿಗೆ ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ಮೊಮ್ಮಗಳು ಪುಟ್ಟಿಯಿಂದ ಮುತ್ತುಗದ ಹೂವೊಂದನ್ನು ಎತ್ತಿ ನನ್ನ ಮುಂದೆ ಹಿಡಿದಳು. ಕೆಂಪಗೆ ಬಾಗಿದ ದಳ, ಥೇಟ್ ಗಿಳಿಯ ಮೂತಿ. ಮುತ್ತುಗಕ್ಕೆ ಸಂಸ್ಕೃತದಲ್ಲಿ ಕಿಂಶುಕ ಎಂಬ ಹೆಸರಿದೆ. ಇದೇನು ಗಿಳಿಯೋ ಎಂದು ಅದರ ಅರ್ಥ. ಆ ಹೆಸರನ್ನು ನಾನು ಅವಳಿಗೆ ಹೇಳಿದ್ದು ಅವಳು ಕೊಕ್ಕು ಚುಚ್ಚಿ ಮುಗಿಸಿದ ಮೇಲೆ. ಎಂದೋ ಯಾರೋ ಕಂಡು ಹೆಸರಿಟ್ಟದ್ದನ್ನು ಇವಳು ತನ್ನ ಕಣ್ಣಿನಿಂದಲೇ ಇನ್ನೊಮ್ಮೆ ಕಂಡಿದ್ದಳು.

ಗಿಳಿ ಎರಡು ದಿನಕ್ಕೆ ಬಾಡಿತು, ಕೊಕ್ಕು ಮುದುರಿತು. ಮೊಮ್ಮಗಳು ಅತ್ತಳು. ಅವಳನ್ನು ಸಮಾಧಾನ ಮಾಡುವ ಮಾತು ನನ್ನಲ್ಲಿರಲಿಲ್ಲ. ಇನ್ನೊಂದು ಗರಿ ತಂದು ಪಕ್ಕದಲ್ಲಿಟ್ಟೆ. ಅಳು ನಿಂತ ಮೇಲೆ ಅವಳೇ ಕೈ ಹಾಕಿದಳು. ಎರಡನೆಯ ಗಿಳಿ ಮೊದಲನೆಯದಕ್ಕಿಂತ ಬಿಗಿಯಾಗಿತ್ತು. ಐದನೆಯದರ ಹೊತ್ತಿಗೆ ಅವಳು ನೋಡದೆಯೇ ಹೆಣೆಯುತ್ತಿದ್ದಳು. ಅಂಗಡಿಯ ಆಟಿಕೆ ಮುರಿದರೆ ಮಗುವಿಗೆ ಆಗುವ ನಷ್ಟವೇ ಬೇರೆ, ಗರಿಯ ಗಿಳಿ ಬಾಡಿದರೆ ಆಗುವುದೇ ಬೇರೆ. ಇಲ್ಲಿ ಮಾಡುವ ಬಗೆ ಕೈಯಲ್ಲೇ ಉಳಿದಿರುತ್ತದೆ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗೆಂದೇ ಶಾಲೆ ತೆರೆದಾಗ ಕಾಗದದ ಪಟ್ಟಿ ಹೆಣೆಯುವುದು, ಮಡಿಸುವುದು, ಮಣ್ಣು ಮೆತ್ತುವುದು ಇವನ್ನೆಲ್ಲ ಪಾಠದ ಒಳಗೇ ತಂದ. ಅದೇ ಮುಂದೆ ಕಿಂಡರ್‌ಗಾರ್ಟನ್ ಎಂಬ ಹೆಸರು ಹೊತ್ತು ಲೋಕವೆಲ್ಲ ಸುತ್ತಿತು. ನಮ್ಮ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಕೂಡಿಸಿಕೊಂಡು ಪ್ರಯೋಗ ಮಾಡಿದ್ದೂ ಮಗು ತನ್ನ ಕೈ ಕಣ್ಣುಗಳಿಂದಲೇ ಕಲಿಯಬೇಕೆಂಬ ಆಸೆಯಿಂದ. ಅವರ ಹೆಸರು ಕೇಳದ ಪೊರಕೆಯ ಹೆಂಗಸು ಮಾತ್ರ ನಮ್ಮ ಜಗಲಿಗೆ ಬಂದು ಕೂತು, ಚಿಕ್ಕವನ ಬೆರಳುಗಳನ್ನು ತನ್ನ ಬೆರಳಿನಿಂದ ಹಿಡಿದು, "ಹಿಂಗಲ್ಲ ಮಗಾ, ಹಿಂಗೆ" ಎಂದು ಹಾವಿನ ಹೆಣಿಗೆ ಕಲಿಸಿಕೊಟ್ಟಳು. ಒಂದೇ ಓಣಿಯಲ್ಲಿ ಇಷ್ಟು ದಿನ ಇದ್ದರೂ ಅವಳಿಗೆ ಹಾವು, ಗಡಿಯಾರ, ಚೆಂಡು, ಬುಟ್ಟಿ ಎಲ್ಲ ಹೆಣೆಯಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಈ ನಡುವೆ ಯುಗಾದಿ ಬಂತು. ಮಾವಿನ ತೋರಣವನ್ನು ಈ ಸಲ ಮಕ್ಕಳೇ ಕಟ್ಟಿದರು, ಒಂದೆಲೆ ಮೇಲೆ, ಒಂದೆಲೆ ಕೆಳಗೆ, ನಡುನಡುವೆ ಬೇವಿನ ಗೊಂಚಲು.

ಕುರಿಮರಿಯ ವಿಷಯಕ್ಕೆ ಬರುತ್ತೇನೆ. ಬೂರುಗದ ಅರಳೆಯಿಂದ ಮಾಡೋಣವೆಂದು ಮೊದಲು ಹೊರಟೆವು. ಮೈ ಮೆತ್ತಗೆ, ಚೆಂದವೇ ಬಂತು, ಆದರೆ ಬಿಳಿ. ಚಿಕ್ಕವನು ಒಪ್ಪಲಿಲ್ಲ. ಬಣ್ಣ ಹಚ್ಚಿದರೆ ಅರಳೆ ಮುದ್ದೆಯಾಗುತ್ತದೆ. ತೆಂಗಿನ ನಾರು ಸುತ್ತಿ ನೋಡಿದೆವು, ಅದು ಕುರಿಯಾಗದೆ ಕರಡಿಯಾಯಿತು. ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ತರೀಕೆರೆಯಿಂದ ನನ್ನ ಮೈದುನ ಬಂದವನು ಚೀಲದಲ್ಲಿ ಒಂದಿಷ್ಟು ಗೋಟು ತಂದಿದ್ದ. ಮರದಲ್ಲೇ ಹಣ್ಣಾಗಿ ಉದುರಿ, ಸಿಪ್ಪೆ ಸಮೇತ ಒಣಗಿದ ಅಡಿಕೆ. ಸುಲಿಯಲು ಕೂತವನ ಕೈಯಿಂದ ಒಂದನ್ನು ಎತ್ತಿಕೊಂಡೆ. ಮೇಲಿನ ತೆಳು ಪದರ ಕಿತ್ತರೆ ಒಳಗೆಲ್ಲ ನಾರು. ಆಕಾರ ನೋಡಿದರೆ ಕುರಿಮರಿಯ ಹೊಟ್ಟೆಯದೇ. ಇಪ್ಪತ್ತೈದು ವರ್ಷ ಆ ತೋಟದ ಮನೆಯಲ್ಲಿ ರಾಶಿರಾಶಿ ಗೋಟು ಕಂಡವಳಿಗೆ ಅದರೊಳಗೊಂದು ಕುರಿಮರಿ ಇದ್ದದ್ದು ಅವತ್ತೇ ಕಂಡದ್ದು.

ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಮೇಲಿನ ಪದರ ಸುಲಿದು, ಹಳೆಯ ಬಾಚಣಿಗೆಯಿಂದ ಬಾಚಿದೆವು. ನಾರು ಎದ್ದು ನಿಂತಿತು. ಕಪ್ಪಿಗೆ ಕರಟ ಸುಟ್ಟು ಇದ್ದಿಲು ಮಾಡಿ ಒರಳಿನಲ್ಲಿ ಅರೆದು ಬಟ್ಟೆಯಲ್ಲಿ ಜರಡಿ ಹಿಡಿದೆವು. ಅಂಟಿಗೆ ಜಾಲಿ ಅಂಟು. ಬೇಸಗೆಯಲ್ಲಿ ಜಾಲಿಯ ತೊಗಟೆಯಿಂದ ಜೇನಿನ ಬಣ್ಣದ ಹನಿಗಳು ಒಸರಿ ಗಟ್ಟಿಯಾಗಿರುತ್ತವೆ. ಬಿಡಿಸಿ ತಂದು ಬಿಸಿನೀರಿನಲ್ಲಿ ಹಾಕಿದರೆ ರಾತ್ರಿ ಕಳೆಯುವುದರೊಳಗೆ ಕರಗಿ ಗೋಂದಾಗುತ್ತದೆ. ಇದ್ದಿಲ ಪುಡಿಯನ್ನು ಈ ಅಂಟಿನಲ್ಲಿ ಕಲಸಿದರೆ ಸಿಗುವುದು ನಮ್ಮ ಹಿರಿಯರ ಮಸಿಯಂಥ ಮಸಿ. ಅವರು ದೀಪದ ಕಾಡಿಗೆಯನ್ನೂ ಹೀಗೇ ಅಂಟಿಗೆ ಕಲಸಿ ಬರೆಯುತ್ತಿದ್ದರು. ಮಕ್ಕಳು ಕುರಿಗೆ ಬಳಿಯುವುದನ್ನು ಬಿಟ್ಟು ಅರ್ಧ ಗಂಟೆ ಕಡ್ಡಿಯನ್ನು ಅದರಲ್ಲಿ ಅದ್ದಿ ತಮ್ಮ ತಮ್ಮ ಹೆಸರು ಬರೆದುಕೊಂಡರು. ಮನೆಯ ಗೋಡೆಯ ಮೇಲೂ ಒಂದು ಹೆಸರು ಉಳಿದಿದೆ. ಅಳಿಸಿಲ್ಲ.

ತಲೆಗೆ ಹುಣಸೆ ಬೀಜ. ಹೊಳೆಯುವ ಕಂದುಗಪ್ಪು, ಉದ್ದಕ್ಕೆ ಚಪ್ಪಟೆ, ಮೂತಿಯ ಆಕಾರ ತಾನಾಗಿಯೇ ಇದೆ. ಕಿವಿಗೆ ಅಡಿಕೆ ಹಾಳೆಯ ಎರಡು ಚೂರು. ಕಾಲಿಗೆ ಪೊರಕೆ ಕಡ್ಡಿಯ ಬುಡದ ತುಂಡು. ಗೋಟಿಗೆ ತೂತು ಕೊರೆಯುವ ಕೆಲಸ ಮಾತ್ರ ನನ್ನದು. ದಬ್ಬಳವನ್ನು ಮಕ್ಕಳ ಕೈಗೆ ಕೊಡುವ ಹಾಗಿಲ್ಲ. ಮೊದಲ ಮರಿ ಮೊಮ್ಮಗಳದು, ನೆಟ್ಟಗೆ ನಿಂತಿತು. ಎರಡನೆಯದು ನೆರೆಮನೆಯ ಹುಡುಗನದು, ಅದೂ ನಿಂತಿತು. ಮೂರನೆಯದು ಚಿಕ್ಕವನದು. ಅವನು ಮುಂದಿನ ಕಾಲುಗಳನ್ನು ಗಿಡ್ಡಗೆ ಕತ್ತರಿಸಿಬಿಟ್ಟಿದ್ದ. ಇಟ್ಟ ಕೂಡಲೇ ಮುಂದಕ್ಕೆ ಮುಗ್ಗರಿಸಿ ಮೂತಿ ನೆಲಕ್ಕೆ ತಾಗುತ್ತಿತ್ತು.

ನನ್ನ ಕೈ ಮುಂದಕ್ಕೆ ಹೋಯಿತು. ಎರಡು ಕಡ್ಡಿ ಬದಲಿಸಿದರೆ ಆಯಿತು, ಅರೆ ನಿಮಿಷದ ಕೆಲಸ. ಆದರೆ ಕೈ ಹಿಂದಕ್ಕೆ ಎಳೆದುಕೊಂಡೆ. ಇವರ ಅಮ್ಮ, ನನ್ನ ಮಗಳು, ಆರು ವರ್ಷದವಳಿದ್ದಾಗ ಗೌರಿ ಹಬ್ಬದ ಹಿಂದಿನ ದಿನ ಜೇಡಿಮಣ್ಣಿನಲ್ಲಿ ಗಣಪತಿ ಮಾಡಿದ್ದಳು. ಸೊಂಡಿಲು ಡೊಂಕು, ಒಂದು ಕಿವಿ ದೊಡ್ಡದು. ಅವಳು ನಿದ್ದೆ ಹೋದ ಮೇಲೆ, ಚೆನ್ನಾಗಿರಲಿ ಎಂಬ ಆಸೆಯಿಂದ, ನಾನು ಒದ್ದೆ ಕೈಯಲ್ಲಿ ಅದನ್ನೆಲ್ಲ ತಿದ್ದಿ ನುಣುಪು ಮಾಡಿಟ್ಟೆ. ಬೆಳಿಗ್ಗೆ ಎದ್ದು ನೋಡಿದವಳು "ಇದು ನನ್ನದಲ್ಲ" ಅಂದಳು. ಅಳಲಿಲ್ಲ, ಕೂಗಾಡಲಿಲ್ಲ. ಆಮೇಲೆ ಅವಳು ಮಣ್ಣು ಮುಟ್ಟಿದ್ದನ್ನು ನಾನು ಕಾಣಲಿಲ್ಲ. ಈಗ ಅವಳು ಮಕ್ಕಳಿಗೆ ಡಬ್ಬಿ ಕೊಂಡು ಕಳಿಸುತ್ತಾಳೆ. ಡಬ್ಬಿಯಲ್ಲಿರುವ ಮೊಲದ ತುಂಡುಗಳು ಆಗಲೇ ಸರಿಯಾಗಿ ಕತ್ತರಿಸಿರುತ್ತವೆ, ಯಾರೂ ತಿದ್ದುವ ಅಗತ್ಯವಿರುವುದಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನನ್ನ ಮನಸ್ಸು ಹೇಳುತ್ತಲೇ ಇದೆ.

ಚಿಕ್ಕವನು ಮುಗ್ಗರಿಸಿದ ಮರಿಯನ್ನು ಅತ್ತಿತ್ತ ತಿರುಗಿಸಿ ನೋಡಿದ. ಮತ್ತೆ ನೆಲಕ್ಕಿಟ್ಟ. ಅದು ಮತ್ತೆ ಮೂತಿ ಊರಿತು.

"ಇದು ಮೇಯ್ತಾ ಇದೆ" ಅಂದ.

ಹೌದಲ್ಲ. ಮೂರರಲ್ಲಿ ನಿಜವಾಗಿ ಮೇಯುತ್ತಿದ್ದದ್ದು ಅದೊಂದೇ.

ಕುರಿಮರಿಗಳ ಕೆಲಸ ಮುಗಿದ ಮೇಲೆ ಅಜ್ಜಂಪುರಕ್ಕೆ ಹೊರಟೆವು. ಅದು ನನ್ನ ತವರು. ನಾನು ಹುಟ್ಟಿದಾಗ ಅದು ತರೀಕೆರೆ ತಾಲ್ಲೂಕಿಗೆ ಸೇರಿದ ಊರು, ಈಗ ಅದೇ ಒಂದು ತಾಲ್ಲೂಕು. ಆ ಊರಿನ ಹೆಸರು ಹೇಳಿದರೆ ಕತೆ ಓದುವವರಿಗೆ 'ನಾನು ಕೊಂದ ಹುಡುಗಿ' ಬರೆದ ಆನಂದರು, ಅಂದರೆ ಅಜ್ಜಂಪುರ ಸೀತಾರಾಮರು, ನೆನಪಾಗುತ್ತಾರೆ. ದನ ಕಟ್ಟಿದವರಿಗೆ ನೆನಪಾಗುವುದು ಅಮೃತಮಹಲ್. ಅಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವೇ ಇದೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಹೈದರ್ ಮತ್ತು ಟಿಪ್ಪುವಿನ ಸೇನೆಯಲ್ಲಿ ಫಿರಂಗಿ ಎಳೆದವು ಇವೇ ಎತ್ತುಗಳು. ಹುಲ್ಲುಗಾವಲಾಗಿ ಬಿಟ್ಟ ಕಾವಲುಗಳಲ್ಲಿ ಮೇಯ್ದು ಬೆಳೆದ, ಮನುಷ್ಯರಿಗೆ ಸುಲಭಕ್ಕೆ ಒಗ್ಗದ, ಒಗ್ಗಿದರೆ ಪ್ರಾಣ ಕೊಡುವ ದನ. ನಮ್ಮಪ್ಪನ ಬಳಿ ಒಂದು ಜೋಡಿಯಿತ್ತು. ಬೂದು ಮೈ, ಕಿರಿದಾದ ಉದ್ದ ಮುಖ, ಹಣೆಯ ನಡುವೆ ಗೀರಿದಂತೆ ಒಂದು ಗೆರೆ. ಆಮೇಲೆ ಆ ಕೊಂಬು: ಬುಡದಲ್ಲಿ ಒಂದಕ್ಕೊಂದು ಹತ್ತಿರ ಹುಟ್ಟಿ, ಹಿಂದಕ್ಕೂ ಮೇಲಕ್ಕೂ ಬಾಗಿ, ತುದಿಯಲ್ಲಿ ಸೂಜಿಯಷ್ಟು ಚೂಪು. ಹಬ್ಬದಲ್ಲಿ ಅಪ್ಪ ಆ ತುದಿಗಳಿಗೆ ಹಿತ್ತಾಳೆಯ ಅಣಸು ತೊಡಿಸುತ್ತಿದ್ದರು.

ಆ ಕೊಂಬು ಮಣ್ಣಿನಲ್ಲಿ ಬರುವುದಿಲ್ಲ. ಮೆತ್ತಿದರೆ ಬಾಗಿ ಬೀಳುತ್ತದೆ, ಒಣಗಿದರೆ ಮುರಿಯುತ್ತದೆ. ಅಜ್ಜಂಪುರದ ನಮ್ಮ ಓರಗೆಯ ಮಕ್ಕಳು ಅದಕ್ಕೆ ಜಾಲಿಮುಳ್ಳು ಬಳಸುತ್ತಿದ್ದೆವು. ಜಾಲಿಯ ಮುಳ್ಳು ಹುಟ್ಟುವುದೇ ಜೋಡಿಯಾಗಿ, ಬುಡದಲ್ಲಿ ಹತ್ತಿರ, ತುದಿಯಲ್ಲಿ ದೂರ, ಬಣ್ಣವೂ ಕೊಂಬಿನ ಹಾಗೆ ಬೆಳ್ಳಗೆ. ಮಕ್ಕಳನ್ನು ತವರಿಗೆ ಕರೆದುಕೊಂಡು ಹೋದಾಗ ಇದನ್ನೇ ಮಾಡಿಸಿದೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ರೈತರು ಗೋಡು ಹೊಡೆಯುತ್ತಾರೆ, ಅಂದರೆ ಕೆರೆಯ ಮೆಕ್ಕಲು ಮಣ್ಣನ್ನು ಹೊಲಕ್ಕೆ ಸಾಗಿಸುತ್ತಾರೆ. ಆ ಗಾಡಿಯಿಂದಲೇ ನನ್ನ ತಮ್ಮ ಒಂದು ಪುಟ್ಟಿ ಗೋಡು ಇಳಿಸಿಕೊಟ್ಟ. ಬತ್ತಿದ ಕೆರೆಯಂಗಳದಲ್ಲಿಯೂ ಕಾಲು ಹೂಳುವ ಕೆಸರಿರುತ್ತದೆ. ಮಕ್ಕಳನ್ನು ಅಲ್ಲಿಗೆ ಕಳಿಸುವ ಮಾತೇ ಇಲ್ಲ.

ಕಲ್ಲು, ಬೇರು ಆರಿಸಿ, ನೀರು ಚಿಮುಕಿಸಿ, ಒಂದು ರಾತ್ರಿ ಒದ್ದೆ ಗೋಣಿಯಲ್ಲಿ ಮುಚ್ಚಿಡಬೇಕು. ಮಾರನೆಯ ದಿನ ಚಪಾತಿ ಹಿಟ್ಟಿನ ಹದಕ್ಕೆ ನಾದಬೇಕು. ಬರೀ ಗೋಡಾದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ, ಒಂದು ಹಿಡಿ ಸಣ್ಣ ಮರಳು, ಕೊಚ್ಚಿದ ರಾಗಿಹುಲ್ಲು ಸೇರಿದರೆ ಹಿಡಿದುಕೊಳ್ಳುತ್ತದೆ. ಕಾಲುಗಳನ್ನು ಬೇರೆ ಮಾಡಿ ಅಂಟಿಸಿದರೆ ಬಿದ್ದುಹೋಗುತ್ತವೆ. ಒಂದೇ ಉಂಡೆಯಿಂದ ಹಿಂಡಿ ಹಿಂಡಿ ಹೊರಡಿಸಬೇಕು. ಮಣ್ಣು ಅರೆ ಒಣಗಿದಾಗ, ಹಸಿಯೂ ಅಲ್ಲ ಗಟ್ಟಿಯೂ ಅಲ್ಲ ಎನ್ನುವಾಗ, ಮುಳ್ಳಿನ ಜೋಡಿಯನ್ನು ನೆತ್ತಿಗೆ ಊರಬೇಕು. ಆಮೇಲೆ ನೆರಳಿನಲ್ಲಿ ಮೂರು ನಾಲ್ಕು ದಿನ. ಮೊದಲ ಎರಡು ಎತ್ತುಗಳನ್ನು ಮಕ್ಕಳು ಆತುರಕ್ಕೆ ಬಿಸಿಲಿಗಿಟ್ಟರು, ಮಧ್ಯಾಹ್ನದೊಳಗೆ ಹೊಟ್ಟೆ ಸೀಳಿದವು. ಅದೇ ಮಣ್ಣನ್ನು ಪುಡಿ ಮಾಡಿ, ನೆನೆಸಿ, ಮತ್ತೆ ನಾದಿದರು. ಮಣ್ಣಿನಷ್ಟು ಕ್ಷಮೆ ಇನ್ನಾವ ಸಾಮಾನಿಗೂ ಇಲ್ಲ. ಮುಳ್ಳಿನ ತುದಿಗೆ ನಾನು ಜಾಲಿ ಅಂಟಿನ ಒಂದೊಂದು ಹನಿ ಇಟ್ಟೆ. ಅದು ಒಣಗಿ ಹಳದಿ ಮಣಿಯಾಗಿ ನಿಂತಿತು, ಚುಚ್ಚುವುದೂ ತಪ್ಪಿತು. ನೋಡಿದರೆ ಅಪ್ಪನ ಹಿತ್ತಾಳೆ ಅಣಸಿನ ಹಾಗೆಯೇ ಇತ್ತು. ತಮ್ಮ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ. ಆಮೇಲೆ ಒಳಗೆ ಹೋಗಿ ಜೋಳದ ದಂಟು ತಂದು, ಸಿಪ್ಪೆ ಸೀಳಿ, ಬೆಂಡು ಕತ್ತರಿಸಿ, ಎತ್ತುಗಳಿಗೆ ಗಾಡಿ ಕಟ್ಟಲು ತಾನೇ ಕೂತ. ಅಂತರಘಟ್ಟೆ ದುರ್ಗಾಂಬೆಯ ಜಾತ್ರೆಗೆ ಅಲಂಕಾರ ಮಾಡಿದ ಗಾಡಿಗಳು ಹೋಗುತ್ತವಲ್ಲ, ಅಂಥದೇ ಕಮಾನು ಗಾಡಿ. ಚಕ್ರಕ್ಕೆ ಉದುರಿದ ತೆಂಗಿನ ಹರಳು. ದಂಟಿನ ಸಿಪ್ಪೆ ಬ್ಲೇಡಿನಷ್ಟು ಹರಿತ, ಹಾಗಾಗಿ ಸೀಳುವ ಕೆಲಸ ಅವನದು, ಚುಚ್ಚುವ ಕೆಲಸ ಮಕ್ಕಳದು.

ಅಲ್ಲಿಂದ ತರೀಕೆರೆಗೆ ಹೋದಾಗ ಅಮೃತಾಪುರಕ್ಕೂ ಹೋದೆವು. 1196ರ ಅಮೃತೇಶ್ವರ ದೇವಾಲಯ, ಹೊಯ್ಸಳ ಎರಡನೆಯ ಬಲ್ಲಾಳನ ಕಾಲದ್ದು, 'ಅಮೃತೇಶ್ವರ ದಂಡನಾಯಕ' ಕಟ್ಟಿಸಿದ್ದು. ಹೊರಗೋಡೆಯಲ್ಲಿ ರಾಮಾಯಣ, ಭಾರತ, ಕೃಷ್ಣನ ಬಾಲಲೀಲೆಗಳು ಸಣ್ಣ ಸಣ್ಣ ಚಿತ್ರಗಳಾಗಿವೆ. ಮಕ್ಕಳ ಎತ್ತರಕ್ಕೆ ಅವು ಚೆನ್ನಾಗಿ ಕಾಣುವುದಿಲ್ಲ, ಎತ್ತಿ ತೋರಿಸಬೇಕು. ಈ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಇದ್ದಷ್ಟೂ ಗಟ್ಟಿಯಾಗುತ್ತದೆ ಎಂದು ಹೇಳಿದೆ. "ಎಷ್ಟು ಮೆತ್ತಗೆ?" ಎಂದಳು ಮೊಮ್ಮಗಳು. ಮನೆಗೆ ಬಂದು ಇಬ್ಬರಿಗೂ ಒಂದೊಂದು ಸೋಪು, ಒಂದು ಹಳೆಯ ಚಮಚ, ಚೂಪು ಮಾಡಿದ ಬಿದಿರ ಕಡ್ಡಿ ಕೊಟ್ಟೆ. ಕೆತ್ತುವುದೆಂದರೆ ಸೇರಿಸುವುದಲ್ಲ, ತೆಗೆಯುವುದು. ತೆಗೆದದ್ದು ಮತ್ತೆ ಬಾರದು. ಮಣ್ಣು ಕೊಟ್ಟ ಸಲಿಗೆ ಸೋಪು ಕೊಡಲಿಲ್ಲ. ಆನೆ ಮಾಡಲು ಹೊರಟದ್ದು ಸೊಂಡಿಲು ಮುರಿದು ಆಮೆಯಾಯಿತು. ಉದುರಿದ ಚೂರನ್ನೆಲ್ಲ ಬಟ್ಟೆ ಒಗೆಯಲು ತೆಗೆದಿಟ್ಟೆ.

ಒಂದು ಮಳೆಯಿಲ್ಲದ ಸೆಕೆಯ ಮಧ್ಯಾಹ್ನ ಅರಿಸಿನದ ನೀರಿನಲ್ಲಿ ಕಾಗದ ಅದ್ದಿ ಒಣಗಿಸಿ, ಅದರ ಮೇಲೆ ಸುಣ್ಣದ ತಿಳಿಯಲ್ಲಿ ಕಡ್ಡಿಯಿಂದ ಚಿತ್ರ ಬರೆಸಿದೆ. ಹಳದಿಯ ಮೇಲೆ ನೀರಿನಂಥ ಗೆರೆ ಎಳೆದರೆ ಕಣ್ಣೆದುರೇ ಕೆಂಪಾಗುತ್ತದೆ. ಅರಿಸಿನದ ಬಣ್ಣಕ್ಕೆ ಕ್ಷಾರ ತಾಗಿದರೆ ಹಾಗೆ ತಿರುಗುತ್ತದೆ. ಆರತಿ ತಟ್ಟೆಯ ಓಕುಳಿ ನೀರೂ ಅದೇ. ಮುತ್ತುಗದ ಹೂವನ್ನು ರಾತ್ರಿ ನೆನೆಸಿ ತೆಗೆದ ಕೇಸರಿ ಬಣ್ಣವೂ ಸೇರಿ ಅವತ್ತು ಜಗಲಿಯೆಲ್ಲ ಹೋಳಿ. ಸುಣ್ಣ ಕಣ್ಣಿಗೆ ಸಿಡಿಯದಂತೆ ಪಕ್ಕದಲ್ಲೇ ಕೂತಿರಬೇಕು, ಅದೊಂದು ಎಚ್ಚರ.

ಶಾಲೆಯ ಹಾಳೆ ಕೇಳಿದ ಮೂರಕ್ಕೆ ಮೊಮ್ಮಗಳು ಗಿಳಿ, ಎತ್ತು, ಹಳದಿ ಕೆಂಪಿನ ಚಿತ್ರ ಆರಿಸಿಕೊಂಡಳು. ಪ್ರತಿಯೊಂದರ ಕೆಳಗೂ ಕರಟದ ಮಸಿಯಲ್ಲಿ ಏನೇನು ಹಾಕಿದೆ, ಯಾವ ಊರಿನದು, ಯಾರು ಹೇಳಿಕೊಟ್ಟರು ಎಂದು ಬರೆದಳು. ಪೊರಕೆಯ ಹೆಂಗಸಿನ ಹೆಸರೂ ಅದರಲ್ಲಿತ್ತು. ಅವಳನ್ನು ಕರೆದು ಓದಿ ತೋರಿಸಿದಾಗ ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಆ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕುರಿಮರಿಗಳನ್ನೂ ಶಾಲೆಗೆ ಒಯ್ಯಬಹುದಲ್ಲ ಎಂದೆ. ಚಿಕ್ಕವನು ಕೇಳಲಿಲ್ಲ. ಅವನು ಮಾಡಿದ್ದು ಏರಿಗಾಗಿ.

ಹೊರಡುವ ಹಿಂದಿನ ದಿನ ಸಂಜೆ ಮೈದುನನ ಜತೆ ಏರಿಗೆ ಹೋದೆವು. ಬಿಸಿಲು ಇಳಿದಿತ್ತು. ಏರಿಯ ಒಳಮೈಯ ಕಲ್ಲುಗಳ ಸಂದಿಯಲ್ಲಿ ಒಣಗಿದ ಗರಿಕೆ. ಒಂದು ಚಪ್ಪಟೆ ಕಲ್ಲು ಹುಡುಕಿ ಚಿಕ್ಕವನು ಮೂರನ್ನೂ ಸಾಲಾಗಿ ಇಟ್ಟ. ಎರಡು ನಿಂತವು, ಒಂದು ಮೂತಿ ಊರಿತು. ಆಮೇಲೆ ಅವನು ಎರಡು ಹೆಜ್ಜೆ ಹಿಂದೆ ಸರಿದು, ನಾಲಗೆ ತೊಡರಿಸುವ ಆ ಮಾತನ್ನು ಒಂದೇ ಉಸಿರಿಗೆ, ಒಂದಕ್ಷರವೂ ತಪ್ಪದೆ ಹೇಳಿದ. ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು, ಕಲ್ಲಿನ ಮೇಲೆ ಬಗ್ಗಿ ನೋಡಿ, "ಓ, ಬಂದ್ವಾ?" ಎಂದು ಕೇಳಿ ಮುಂದೆ ಹೋದರು.

ಮಕ್ಕಳು ಬೆಂಗಳೂರು ಸೇರಿದ ಮೇಲೆ ಭರಣಿ ಮಳೆ ಬಂತು. ಮೊದಲ ಗುಡುಗಿನ ರಾತ್ರಿಯೇ ಫೋನು.

"ಅಜ್ಜಿ, ಏರಿ ಮೇಲೆ ಮಳೆ ಬಂತಾ?"

"ಬಂತಂತೆ. ಚಿಕ್ಕಜ್ಜ ಬೆಳಿಗ್ಗೆ ಹೋಗಿ ನೋಡಿ ಹೇಳ್ತೀನಿ ಅಂದಿದಾನೆ."

ಮೈದುನ ಬೆಳಿಗ್ಗೆ ಹೋಗಿ ಬಂದು ಹೇಳಿದ್ದನ್ನು ಹಾಗೆಯೇ ಹೇಳಿದೆ. ಎರಡು ಮರಿ ಕಲ್ಲಿನ ಮೇಲೇ ಇವೆ, ನೆನೆದಿವೆ, ಮಸಿ ಸ್ವಲ್ಪ ಇಳಿದಿದೆ. ಮೂರನೆಯದು ಕಾಣಲಿಲ್ಲ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಮಳೆ ಬಂದು ಹುಲ್ಲು ಚಿಗುರಿದೆಯಾ ಅಲ್ಲಿ?"

"ಚಿಗುರುತ್ತೆ ಈಗ."

"ಹಾಗಾದ್ರೆ ಅದು ಮೇಯೋಕೆ ಕೆಳಗಿಳಿದಿರುತ್ತೆ ಬಿಡು" ಅಂದ.